ಕನ್ನಡಿಗರ ಅಹವಾಲು ಕೇಳಿದ ಹೊರಗಿನವರು: ನ್ಯಾಯಮೂರ್ತಿ ಸೈಯದ್ ಫಜಲ್ ಅಲಿ

ರಾಜ್ಯ ಪುನರ್ವಿಂಗಡಣಾ ಆಯೋಗದ ಅಧ್ಯಕ್ಷರು ಯಾರು ಎಂಬುದು ರಾಜ್ಯಶಾಸ್ತ್ರದಲ್ಲಿ ಒಂದು ಅಂಕದ ಪ್ರಶ್ನೆ. ಉತ್ತರ ನಮ್ಮೆಲ್ಲರಿಗೂ ಬಾಯಿಪಾಠ. ಫಜಲ್ ಅಲಿ ಎಂದು ಬರೆದು ಮುಂದಿನ ಪ್ರಶ್ನೆಗೆ ಹೋಗುತ್ತೇವೆ. ಆ ಹೆಸರಿನ ಹಿಂದೆ ಒಬ್ಬ ಮನುಷ್ಯರಿದ್ದಾರೆ, ಅವರಿಗೂ ನಮ್ಮ ಶಿವಮೊಗ್ಗ, ಭದ್ರಾವತಿಗೂ ಒಂದು ನಂಟಿದೆ ಎಂಬುದನ್ನು ಹೇಳುವುದಕ್ಕಾಗಿ ಈ ಲೇಖನ ಬರೆಯುತ್ತಿದ್ದೇನೆ. ಅವರು ಕನ್ನಡದವರಲ್ಲ. ಕನ್ನಡ ಅವರ ಮನೆಮಾತೂ ಅಲ್ಲ. ಆದರೂ ಹರಿದು ಹಂಚಿಹೋಗಿದ್ದ ಕನ್ನಡಿಗರು ಒಂದೇ ರಾಜ್ಯದಲ್ಲಿ ತಮ್ಮ ಆಡಳಿತ ತಾವು ನೋಡಿಕೊಳ್ಳಬೇಕು ಎಂಬ ಬೇಡಿಕೆಗೆ ದೆಹಲಿಯಲ್ಲಿ ಬಲ ಬಂದದ್ದು ಅವರ ಸಹಿ ಇದ್ದ ವರದಿಯಿಂದ.

ಮೊದಲು ಆಗಿನ ಸ್ಥಿತಿಯನ್ನು ನೆನಪಿಸಿಕೊಳ್ಳೋಣ. ಶಿವಮೊಗ್ಗದ ತುಂಗೆಯೂ ಭದ್ರಾವತಿಯ ಭದ್ರೆಯೂ ಕೂಡಲಿಯಲ್ಲಿ ಸೇರಿ ತುಂಗಭದ್ರೆಯಾಗುವುದು ನಮಗೆ ಗೊತ್ತು. 1953ಕ್ಕೆ ಮೊದಲು ಈ ನದಿಯ ಜೊತೆಯಲ್ಲಿ ಕೆಳಕ್ಕೆ ನಡೆದವರಿಗೆ ನಾಲ್ಕು ಸರ್ಕಾರಗಳು ಸಿಗುತ್ತಿದ್ದವು. ಹೊನ್ನಾಳಿ, ಹರಿಹರದವರೆಗೆ ಮೈಸೂರು. ರಾಣೆಬೆನ್ನೂರಿನ ದಡಕ್ಕೆ ಬಂದರೆ ಮುಂಬಯಿ. ಹೊಸಪೇಟೆಯ ದಡದಲ್ಲಿ ಮದ್ರಾಸು. ಎದುರಿನ ಕೊಪ್ಪಳದ ದಡದಲ್ಲಿ ಹೈದರಾಬಾದು. ದಡದ ಮೇಲಿನ ಜನರೆಲ್ಲ ಬಹುಪಾಲು ಕನ್ನಡವನ್ನೇ ಆಡುತ್ತಿದ್ದರು. ಇವಲ್ಲದೆ ಕೊಡಗಿಗೆ ಬೇರೆಯೇ ಆಡಳಿತವಿತ್ತು. ಮೈಸೂರಿನ ಹೊರಗಿದ್ದ ಕನ್ನಡಿಗರು ಪ್ರತಿಯೊಂದು ಕಡೆಯಲ್ಲೂ ಅಲ್ಪಸಂಖ್ಯಾತರು. ಕಚೇರಿಯ ಕಾಗದ, ಕೋರ್ಟಿನ ಮಾತು, ಶಾಲೆಯ ಪುಸ್ತಕ ಎಲ್ಲದಕ್ಕೂ ಅವರು ಇನ್ನೊಂದು ಭಾಷೆಯವರ ಮುಖ ನೋಡಬೇಕಿತ್ತು.

ಇದನ್ನು ಬದಲಿಸಬೇಕೆಂದು ಆಲೂರು ವೆಂಕಟರಾಯರಂಥವರು ಧಾರವಾಡದಲ್ಲಿ ದಶಕಗಳ ಕಾಲ ದುಡಿದರು. 1953ರಲ್ಲಿ ಅದರಗುಂಚಿಯ ಶಂಕರಗೌಡ ಪಾಟೀಲರು ಉಪವಾಸ ಕುಳಿತರು. ಅದೇ ವರ್ಷ ಬಳ್ಳಾರಿಯಲ್ಲಿ ರಂಜಾನ್ ಸಾಬ್ ಕನ್ನಡಕ್ಕಾಗಿ ಪ್ರಾಣ ಕೊಟ್ಟರು. ಇವರೆಲ್ಲ ಒಳಗಿನವರು. ಆದರೆ ಹೋರಾಟ ಎಷ್ಟೇ ದೊಡ್ಡದಾದರೂ ಅದನ್ನು ಕೇಳಿಸಿಕೊಂಡು ತೂಗಿ ನೋಡುವ ಹೊರಗಿನವರೊಬ್ಬರು ಬೇಕಾಗುತ್ತಾರೆ. ಆ ಸ್ಥಾನಕ್ಕೆ ಬಂದವರು ಫಜಲ್ ಅಲಿ.

ಸೈಯದ್ ಫಜಲ್ ಅಲಿ ಹುಟ್ಟಿದ್ದು 1886ರ ಸೆಪ್ಟೆಂಬರ್ 19ರಂದು, ಬಿಹಾರದ ಸಾರಣ ಜಿಲ್ಲೆಯ ಜಮೀನ್ದಾರ ಮನೆತನದಲ್ಲಿ. ಅಲಹಾಬಾದಿನಲ್ಲಿ ಓದಿ, ಇಂಗ್ಲೆಂಡಿಗೆ ಹೋಗಿ ಬ್ಯಾರಿಸ್ಟರ್ ಆಗಿ ಬಂದರು. ವಕೀಲಿ ಮಾಡಿ ಹೆಸರು ಗಳಿಸಿದ ಮೇಲೆ ಪಟ್ನಾ ಹೈಕೋರ್ಟಿನ ನ್ಯಾಯಾಧೀಶರಾದರು, 1943ರಲ್ಲಿ ಅಲ್ಲಿಯ ಮುಖ್ಯ ನ್ಯಾಯಮೂರ್ತಿಯಾದರು. 1946ರ ಫೆಬ್ರವರಿಯಲ್ಲಿ ಮುಂಬಯಿಯ ನೌಕಾಪಡೆಯ ನಾವಿಕರು ಬ್ರಿಟಿಷ್ ಅಧಿಕಾರಿಗಳ ವಿರುದ್ಧ ಬಂಡೆದ್ದಾಗ, ಅದರ ಕಾರಣ ತಿಳಿಯಲು ನೇಮಿಸಿದ ವಿಚಾರಣಾ ಆಯೋಗಕ್ಕೂ ಅವರೇ ಅಧ್ಯಕ್ಷರು. ಊಟ ಸರಿಯಿಲ್ಲ, ಬಿಳಿಯರಿಗೊಂದು ನಮಗೊಂದು ಎಂಬ ಭೇದವಿದೆ ಎಂಬ ಸಾಮಾನ್ಯ ನಾವಿಕರ ದೂರುಗಳನ್ನು ಅವರು ಕುಳಿತು ಕೇಳಿದರು. ದೊಡ್ಡವರ ಮುಂದೆ ಚಿಕ್ಕವರ ಅಹವಾಲು ಕೇಳುವ ಕೆಲಸ ಅವರಿಗೆ ಆಗಲೇ ಅಭ್ಯಾಸವಾಗಿತ್ತು.

1950ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಆರಂಭವಾದಾಗ ಇದ್ದ ಆರು ಮಂದಿ ನ್ಯಾಯಮೂರ್ತಿಗಳಲ್ಲಿ ಫಜಲ್ ಅಲಿ ಒಬ್ಬರು. ಆ ವರ್ಷವೇ ಎ.ಕೆ. ಗೋಪಾಲನ್ ಮೊಕದ್ದಮೆ ಬಂದಿತು. ಕೇರಳದ ಕಮ್ಯುನಿಸ್ಟ್ ನಾಯಕ ಗೋಪಾಲನ್ ಅವರನ್ನು ಮುಂಜಾಗ್ರತಾ ಬಂಧನ ಕಾಯ್ದೆಯಡಿ ಮದ್ರಾಸಿನ ಜೈಲಿನಲ್ಲಿ ಇಟ್ಟಿದ್ದರು. ಶಾಸನಸಭೆ ಮಾಡಿದ ಕಾನೂನಿನ ಪ್ರಕಾರ ಹಿಡಿದಿದ್ದರೆ ಸಾಕು, ಆ ಕಾನೂನು ನ್ಯಾಯವಾಗಿದೆಯೇ ಎಂದು ಕೇಳುವಂತಿಲ್ಲ ಎಂಬ ಕಡೆಗೆ ಬಹುಮತ ವಾಲಿತು. ಫಜಲ್ ಅಲಿ ಒಪ್ಪಲಿಲ್ಲ. ಮನುಷ್ಯನ ಸ್ವಾತಂತ್ರ್ಯ ಕಸಿಯುವ ಮುಂಚೆ ಅವನ ಮಾತು ಕೇಳುವ ಏರ್ಪಾಡು ಇರಲೇಬೇಕು, ಮೂಲಭೂತ ಹಕ್ಕುಗಳನ್ನು ಒಂದಕ್ಕೊಂದು ಸಂಬಂಧವಿಲ್ಲದ ಡಬ್ಬಿಗಳಂತೆ ಓದಬಾರದು ಎಂಬುದು ಅವರ ನಿಲುವು. ಅಂದು ಅವರು ಸೋತರು. 28 ವರ್ಷಗಳ ಬಳಿಕ, 1978ರ ಮೇನಕಾ ಗಾಂಧಿ ಮೊಕದ್ದಮೆಯಲ್ಲಿ, ಅದೇ ದೃಷ್ಟಿ ದೇಶದ ಕಾನೂನಾಯಿತು. ಆ ಪೀಠದಲ್ಲಿ ಬಹುಮತದ ಪರ ಇದ್ದವರಲ್ಲಿ ಅವರ ಮಗ ಮುರ್ತಜಾ ಫಜಲ್ ಅಲಿಯೂ ಒಬ್ಬರು. ಅಪ್ಪ ಒಂಟಿಯಾಗಿ ಹೇಳಿದ ಮಾತನ್ನು ಮಗ ಬಹುಮತದಲ್ಲಿ ಕುಳಿತು ಎತ್ತಿಹಿಡಿಯುವುದು ನ್ಯಾಯಾಲಯದ ಚರಿತ್ರೆಯಲ್ಲಿ ಅಪರೂಪ.

ಅವರನ್ನು ತಪ್ಪೇ ಇಲ್ಲದವರೆಂದು ತೋರಿಸುವುದು ನನ್ನ ಉದ್ದೇಶವಲ್ಲ. ಅದೇ 1950ರಲ್ಲಿ ರೊಮೇಶ್ ಥಾಪರ್ ಅವರ ಪತ್ರಿಕೆಯನ್ನು ಮದ್ರಾಸ್ ಸರ್ಕಾರ ತಡೆದ ಮೊಕದ್ದಮೆಯಲ್ಲಿ ಉಳಿದ ನ್ಯಾಯಮೂರ್ತಿಗಳು ಪತ್ರಿಕೆಯ ಪರ ನಿಂತರೆ, ಫಜಲ್ ಅಲಿ ಸಾರ್ವಜನಿಕ ಶಾಂತಿಯ ಹೆಸರಿನಲ್ಲಿ ಸರ್ಕಾರದ ಪರ ನಿಂತರು. ಇಂದು ಓದಿದಾಗ ನನಗೆ ಆ ತೀರ್ಪು ಸರಿಯೆನಿಸುವುದಿಲ್ಲ. ಆದರೆ ಎರಡು ಕಡೆಯೂ ಒಂದು ಗುಣ ಕಾಣುತ್ತದೆ. ಜೊತೆಯವರೆಲ್ಲ ಒಂದು ಕಡೆ ಇದ್ದಾರೆಂದು ಅವರು ತಮ್ಮ ಅಭಿಪ್ರಾಯ ಬದಲಿಸುತ್ತಿರಲಿಲ್ಲ.

ನ್ಯಾಯಾಲಯದ ಕೆಲಸ ಮುಗಿದ ಮೇಲೆ 1952ರಲ್ಲಿ ಅವರು ಒರಿಸ್ಸಾದ ರಾಜ್ಯಪಾಲರಾದರು. ಆ ಡಿಸೆಂಬರಿನಲ್ಲಿ ಪೊಟ್ಟಿ ಶ್ರೀರಾಮುಲು ಉಪವಾಸ ಮಾಡಿ ತೀರಿಕೊಂಡರು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿತು. ಬಳ್ಳಾರಿ ಜಿಲ್ಲೆಯ ಏಳು ತಾಲೂಕುಗಳು ಅಂದೇ ಮೈಸೂರಿಗೆ ಬಂದವು. ಇನ್ನುಳಿದ ಭಾಷೆಗಳವರು ಸುಮ್ಮನಿರುವಂತಿರಲಿಲ್ಲ. ಆ ವರ್ಷದ ಕೊನೆಯಲ್ಲಿ ನೆಹರೂ ಸರ್ಕಾರ ಮೂವರ ಆಯೋಗ ರಚಿಸಿತು. ಫಜಲ್ ಅಲಿ ಅಧ್ಯಕ್ಷರು. ಹೃದಯನಾಥ ಕುಂಜ್ರು ಮತ್ತು ಕೆ.ಎಂ. ಪಣಿಕ್ಕರ್ ಸದಸ್ಯರು.

ಆಯೋಗಕ್ಕೆ ಬಂದ ಮನವಿ, ಪತ್ರ, ತಂತಿಗಳ ಸಂಖ್ಯೆ 1,52,250. ಅದರಲ್ಲಿ ಆಳವಾಗಿ ಯೋಚಿಸಿ ಬರೆದ ಮನವಿಗಳು ಸುಮಾರು 2,000. ಮೂವರೂ 104 ಊರುಗಳಿಗೆ ಹೋದರು, 38,000 ಮೈಲಿ ಸುತ್ತಿದರು, 9,000ಕ್ಕೂ ಹೆಚ್ಚು ಜನರ ಮಾತು ಕೇಳಿದರು. ಆಗ ಫಜಲ್ ಅಲಿಯವರ ವಯಸ್ಸು ಎಪ್ಪತ್ತರ ಹತ್ತಿರ.

ಈ ಆಯೋಗದ ಕೆಲಸದಲ್ಲಿ ನನಗೆ ಬಹಳ ಹಿಡಿಸಿದ್ದು ಅವರು ಮಾಡದೆ ಬಿಟ್ಟ ಒಂದು ಕೆಲಸ. ಬಿಹಾರಕ್ಕೂ ಪಶ್ಚಿಮ ಬಂಗಾಳಕ್ಕೂ, ಬಿಹಾರಕ್ಕೂ ಒರಿಸ್ಸಾಕ್ಕೂ ಗಡಿ ತಕರಾರು ಇತ್ತು. ಬಿಹಾರದೊಂದಿಗೆ ತಮಗೆ ಬಹಳ ವರ್ಷಗಳ ಸಂಬಂಧ ಇರುವುದರಿಂದ ಆ ವಿಚಾರಣೆಯಲ್ಲೂ ತೀರ್ಮಾನದಲ್ಲೂ ಅವರು ಭಾಗವಹಿಸಲಿಲ್ಲ. ಅಧ್ಯಕ್ಷರೇ ಪಕ್ಕಕ್ಕೆ ಸರಿದು, ಉಳಿದ ಇಬ್ಬರಿಗೆ ಬಿಟ್ಟರು. ನಮ್ಮ ಊರು ಎಂದ ಕೂಡಲೇ ನಾವೆಲ್ಲ ಒಂದು ಹೆಜ್ಜೆ ಮುಂದೆ ಬರುತ್ತೇವೆ. ಅವರು ಒಂದು ಹೆಜ್ಜೆ ಹಿಂದೆ ಸರಿದರು. ಕನ್ನಡದ ವಿಷಯದಲ್ಲಿ ಅವರ ಮಾತಿಗೆ ತೂಕ ಬಂದದ್ದೂ ಇಂಥ ನಡತೆಯಿಂದಲೇ. ಕನ್ನಡದಿಂದಾಗಲಿ ಮರಾಠಿಯಿಂದಾಗಲಿ ತೆಲುಗಿನಿಂದಾಗಲಿ ಅವರಿಗೆ ಲಾಭವೂ ಇರಲಿಲ್ಲ, ನಷ್ಟವೂ ಇರಲಿಲ್ಲ.

ಈಗ ನಮ್ಮ ಜಿಲ್ಲೆಯ ಮಾತಿಗೆ ಬರುತ್ತೇನೆ. ಏಕೀಕರಣವನ್ನು ಎಲ್ಲ ಕನ್ನಡಿಗರೂ ಒಂದೇ ಮನಸ್ಸಿನಿಂದ ಬಯಸಿದರು ಎಂದು ಭಾಷಣಗಳಲ್ಲಿ ಕೇಳುತ್ತೇವೆ. ನಿಜ ಹಾಗಿರಲಿಲ್ಲ. ಹಳೆಯ ಮೈಸೂರು ಸಂಸ್ಥಾನ ಮುಂದುವರಿದಿತ್ತು. ಭದ್ರಾವತಿಯಲ್ಲಿ 1923ರಿಂದ ಕಬ್ಬಿಣದ ಕಾರ್ಖಾನೆ ನಡೆಯುತ್ತಿತ್ತು, ಆಮೇಲೆ ಕಾಗದದ ಕಾರ್ಖಾನೆಯೂ ಬಂದಿತು. ಜೋಗದಲ್ಲಿ ವಿದ್ಯುತ್ ತಯಾರಾಗುತ್ತಿತ್ತು. ಹಿಂದುಳಿದ ಉತ್ತರದ ಜಿಲ್ಲೆಗಳು ಸೇರಿದರೆ ನಮ್ಮ ದುಡ್ಡು ಅಲ್ಲಿಗೆ ಹರಿಯುತ್ತದೆ, ನಮ್ಮವರ ಕೈಯಲ್ಲಿರುವ ಅಧಿಕಾರ ತಪ್ಪುತ್ತದೆ ಎಂದು ಮೈಸೂರಿನ ಅನೇಕ ಮುಖಂಡರು ಅಳುಕಿದರು. ಕನ್ನಡಕ್ಕೆ ಎರಡು ರಾಜ್ಯಗಳಿರಲಿ ಎಂಬ ವಾದವೂ ಎದ್ದಿತು. ಇನ್ನೊಂದು ಕಡೆ ನಮ್ಮ ತೀರ್ಥಹಳ್ಳಿಯ ಕುವೆಂಪು, ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರು ಏಕೀಕರಣದ ಪರ ಇದ್ದರು. ಮೈಸೂರಿನ ಮುಖ್ಯಮಂತ್ರಿ ಕೆಂಗಲ್ ಹನುಮಂತಯ್ಯನವರೂ ಅದರ ಪರವೇ ನಿಂತರು.

ಮನೆಯವರೊಳಗೇ ಎರಡು ಮಾತಿದ್ದಾಗ ಹೊರಗಿನವರ ಕೆಲಸ ಕಷ್ಟ. ಆಯೋಗ ಮೈಸೂರಿನವರ ಭಯವನ್ನು ತಳ್ಳಿಹಾಕದೆ ವರದಿಯಲ್ಲಿ ಚರ್ಚಿಸಿತು. ಎರಡು ಕನ್ನಡ ರಾಜ್ಯಗಳ ವಾದವನ್ನು ಮಾತ್ರ ಒಪ್ಪಲಿಲ್ಲ. 1955ರ ಸೆಪ್ಟೆಂಬರ್ 30ರಂದು ಸಲ್ಲಿಸಿದ ವರದಿಯಲ್ಲಿ ಮೈಸೂರು, ಕೊಡಗು, ಮುಂಬಯಿ ಕಡೆಯ ಕನ್ನಡ ಜಿಲ್ಲೆಗಳು, ಹೈದರಾಬಾದಿನ ರಾಯಚೂರು ಮತ್ತು ಗುಲ್ಬರ್ಗ, ಮದ್ರಾಸಿನ ದಕ್ಷಿಣ ಕನ್ನಡ ಇವೆಲ್ಲ ಸೇರಿ ಒಂದು ಕರ್ನಾಟಕವಾಗಲಿ ಎಂದು ಹೇಳಿತು. ಹಳೆಯ ಮೈಸೂರಿನ ಕೊನೆಯ ಮುಖ್ಯಮಂತ್ರಿಯಾಗಿ, 1956ರ ಅಕ್ಟೋಬರ್ ಕೊನೆಯವರೆಗೆ, ಅಧಿಕಾರದಲ್ಲಿದ್ದವರು ನಮ್ಮ ತೀರ್ಥಹಳ್ಳಿಯ ಕಡಿದಾಳ್ ಮಂಜಪ್ಪನವರು. ನವೆಂಬರ್ 1ರಂದು ಹೊಸ ರಾಜ್ಯ ಉದಯವಾಯಿತು. ಅದಕ್ಕೆ ಕರ್ನಾಟಕ ಎಂಬ ಹೆಸರು ಬರಲು ಇನ್ನೂ 17 ವರ್ಷ ಬೇಕಾಯಿತು.

ಎಲ್ಲವೂ ಕನ್ನಡಿಗರು ಬಯಸಿದಂತೆ ಆಗಲಿಲ್ಲ ಎಂಬುದನ್ನೂ ಬರೆಯಬೇಕು. ನಮ್ಮ ಎರಡು ಊರುಗಳ ನೀರು ಹೋಗಿ ನಿಲ್ಲುವ ತುಂಗಭದ್ರಾ ಅಣೆಕಟ್ಟಿನಿಂದ ಆಂಧ್ರದ ರಾಯಲಸೀಮೆಗೆ ನೀರು ಹೋಗಬೇಕು ಎಂಬ ಕಾರಣಕ್ಕೆ ಬಳ್ಳಾರಿ, ಹೊಸಪೇಟೆ, ಸಿರುಗುಪ್ಪ ತಾಲೂಕುಗಳನ್ನು ಆಂಧ್ರಕ್ಕೆ ಕೊಡಿ ಎಂದು ಆಯೋಗ ಹೇಳಿತು. ರಂಜಾನ್ ಸಾಬರು ಪ್ರಾಣ ಕೊಟ್ಟ ಊರೇ ಕೈತಪ್ಪುವುದರಲ್ಲಿತ್ತು. ಕನ್ನಡಿಗರು ಬಲವಾಗಿ ವಿರೋಧಿಸಿದ ಮೇಲೆ ಕೇಂದ್ರ ಸರ್ಕಾರ ಆ ಶಿಫಾರಸನ್ನು ಕೈಬಿಟ್ಟಿತು. ಕಾಸರಗೋಡು ಮಾತ್ರ ಆಯೋಗ ಹೇಳಿದಂತೆ ಕೇರಳಕ್ಕೆ ಹೋಯಿತು. ಚಂದ್ರಗಿರಿ ನದಿಯ ಉತ್ತರದ ಭಾಗ ಮೈಸೂರಿಗೆ ಸೇರಲಿ ಎಂದು 1967ರಲ್ಲಿ ಮಹಾಜನ ಆಯೋಗ ಹೇಳಿದರೂ ಅದು ಜಾರಿಯಾಗಲಿಲ್ಲ. ಕಾಸರಗೋಡಿನ ಕನ್ನಡಿಗರಿಗೆ ಫಜಲ್ ಅಲಿ ಎಂಬ ಹೆಸರು ಸಿಹಿಯಾಗಿ ಕೇಳಿಸಬೇಕಾಗಿಲ್ಲ. ನ್ಯಾಯಕ್ಕೆ ಕುಳಿತವರು ಒಳ್ಳೆಯವರಾದ ಮಾತ್ರಕ್ಕೆ ಎಲ್ಲರಿಗೂ ನ್ಯಾಯ ಸಿಕ್ಕಿತು ಎನ್ನಲಾಗದು.

ಆದರೂ ಚಿಕ್ಕ ಗುಂಪುಗಳ ಅಳುಕಿಗೆ ಅವರು ಕಿವಿಗೊಟ್ಟ ಬಗೆಗೆ ಹಿಮಾಚಲ ಪ್ರದೇಶ ಸಾಕ್ಷಿ. ಆ ಬೆಟ್ಟದ ನಾಡನ್ನು ಪಂಜಾಬಿಗೆ ಸೇರಿಸಿ ಎಂದು ಕುಂಜ್ರು ಮತ್ತು ಪಣಿಕ್ಕರ್ ಹೇಳಿದರು. ಅಧ್ಯಕ್ಷರು ಇಲ್ಲಿಯೂ ಒಂಟಿ. ಬಯಲಿನ ದೊಡ್ಡ ರಾಜ್ಯದಲ್ಲಿ ಬೆಟ್ಟದ ಬಡವರ ದನಿ ಅಡಗಿಹೋಗುತ್ತದೆ, ಅವರನ್ನು ಬೇರೆಯಾಗಿಯೇ ಇಡಿ ಎಂದು ತಮ್ಮ ಪ್ರತ್ಯೇಕ ಟಿಪ್ಪಣಿಯಲ್ಲಿ ವಾದಿಸಿದರು. ಸರ್ಕಾರ ಬಹುಮತವನ್ನು ಬಿಟ್ಟು ಆ ಒಂಟಿ ಮಾತನ್ನು ಒಪ್ಪಿತು. 1971ರಲ್ಲಿ ಹಿಮಾಚಲ ಪೂರ್ಣ ರಾಜ್ಯವಾಯಿತು. ತೆಲಂಗಾಣದ ವಿಷಯದಲ್ಲೂ ಹಾಗೆಯೇ. ಅದನ್ನು ಸದ್ಯ ಬೇರೆ ರಾಜ್ಯವಾಗಿ ಇಡಿ, 1961ರ ಸುಮಾರಿನ ಚುನಾವಣೆಯ ನಂತರ ಅಲ್ಲಿಯ ಶಾಸನಸಭೆ ಮೂರನೇ ಎರಡು ಬಹುಮತದಿಂದ ಒಪ್ಪಿದರೆ ಮಾತ್ರ ಆಂಧ್ರದೊಂದಿಗೆ ಸೇರಿಸಿ ಎಂದು ಆಯೋಗ ಹೇಳಿತ್ತು. ಆ ಮಾತನ್ನು ಕೇಳದೆ 1956ರಲ್ಲೇ ಸೇರಿಸಿದರು. 2014ರಲ್ಲಿ ಬಿಡಿಸಬೇಕಾಯಿತು.

ಇನ್ನೊಂದು ವಿಷಯ ನೇರವಾಗಿ ನನಗೇ ಸಂಬಂಧಿಸಿದ್ದು. ನಾನು ಭದ್ರಾವತಿಯವನು. ಕಾರ್ಖಾನೆಗಳಿಗೆಂದು ನಾಲ್ಕೂ ದಿಕ್ಕಿನಿಂದ ಜನ ಬಂದು ನೆಲೆಸಿದ ಊರದು. ನಮ್ಮ ಬೀದಿಯಲ್ಲಿ ತಮಿಳು, ತೆಲುಗು, ಮಲಯಾಳಂ ಎಲ್ಲವೂ ಕೇಳಿಸುತ್ತವೆ. ನಮ್ಮ ಮನೆಯಲ್ಲಿ ಉರ್ದು. ದಾದಾ ಅವರು ಕನ್ನಡ ಪತ್ರಿಕೆ ಓದಿ ಅದರ ಸುದ್ದಿಯನ್ನು ದಾದಿಗೆ ಉರ್ದುವಿನಲ್ಲಿ ಹೇಳುತ್ತಿದ್ದರು. ನಾನು ಮೊದಲ ಅಕ್ಷರ ಕಲಿತದ್ದು ಉರ್ದು ಶಾಲೆಯಲ್ಲಿ, ಹೈಸ್ಕೂಲು ಓದಿದ್ದು ಕನ್ನಡದಲ್ಲಿ. ಒಂದು ರಾಜ್ಯೋತ್ಸವದ ದಿನ ನಾನು ಹಳದಿ ಕೆಂಪು ಶಾಲು ಹಾಕಿಕೊಂಡು ಬರುತ್ತಿದ್ದಾಗ, ಮನೆಯಲ್ಲಿ ಉರ್ದು ಆಡುವವನಿಗೆ ಈ ಹಬ್ಬ ಯಾಕೆ ಎಂದು ಪರಿಚಯದವರೊಬ್ಬರು ನಗುತ್ತಾ ಕೇಳಿದರು. ನಗುತ್ತಾ ಕೇಳಿದರೂ ಆ ಪ್ರಶ್ನೆ ಚುಚ್ಚುತ್ತದೆ ಎಂಬುದು ಇದನ್ನು ಓದುವ ಹಲವರಿಗೆ ಗೊತ್ತು.

ಅದಕ್ಕೆ ಉತ್ತರ ಆಯೋಗದ ವರದಿಯಲ್ಲಿದೆ. ಒಂದು ಭಾಷೆಗೆ ಒಂದೇ ರಾಜ್ಯ, ಒಂದು ರಾಜ್ಯಕ್ಕೆ ಒಂದೇ ಭಾಷೆ ಎಂಬ ಸೂತ್ರವನ್ನು ಆಯೋಗ ಒಪ್ಪಲಿಲ್ಲ. ಗಡಿಯನ್ನು ಎಷ್ಟೇ ಜಾಣತನದಿಂದ ಎಳೆದರೂ ಪ್ರತಿಯೊಂದು ರಾಜ್ಯದಲ್ಲೂ ಬೇರೆ ಮನೆಮಾತಿನವರು ಉಳಿದೇ ಉಳಿಯುತ್ತಾರೆ, ಅವರೂ ಆ ರಾಜ್ಯದವರೇ ಎಂದು ಅದು ಕಂಡುಕೊಂಡಿತು. ಪ್ರಾಥಮಿಕ ಹಂತದಲ್ಲಿ ಮಕ್ಕಳಿಗೆ ತಾಯಿನುಡಿಯಲ್ಲಿ ಕಲಿಯುವ ಹಕ್ಕನ್ನು ಸಂವಿಧಾನದಲ್ಲೇ ಗುರುತಿಸಬೇಕೆಂದು ಹೇಳಿತು. 1956ರ ಏಳನೆಯ ತಿದ್ದುಪಡಿಯಲ್ಲಿ 350-ಎ ವಿಧಿ ಸೇರಿದ್ದರ ಹಿಂದೆ ಈ ಶಿಫಾರಸು ಇದೆ. ಭದ್ರಾವತಿಯ ಉರ್ದು ಶಾಲೆಗೂ, ಕಾಸರಗೋಡಿನ ಕನ್ನಡ ಶಾಲೆಗೂ ಆಸರೆ ಈ ಒಂದೇ ವಿಧಿ. ಕನ್ನಡಿಗರಿಗೆ ರಾಜ್ಯ ಬೇಕು ಎಂದ ಕೈಯೇ, ಆ ರಾಜ್ಯದೊಳಗಿನ ಚಿಕ್ಕ ಮಾತುಗಳಿಗೂ ಜಾಗ ಬೇಕು ಎಂದು ಬರೆಯಿತು. ಹೀಗಾಗಿ ನವೆಂಬರ್ 1 ನನ್ನ ಹಬ್ಬವೂ ಹೌದು. ಅದನ್ನು ನಾನು ಯಾರಿಂದಲೂ ಕೇಳಿ ಪಡೆಯಬೇಕಾಗಿಲ್ಲ.

ಹೊರಗಿನವರು ಇನ್ನೊಬ್ಬರ ಹೋರಾಟಕ್ಕೆ ಮರುಗುವುದು ಲೋಕದಲ್ಲಿ ಹೊಸತೇನಲ್ಲ. ಕೆನಡಾದಲ್ಲಿ ಬಹುಪಾಲು ಜನ ಇಂಗ್ಲಿಷ್ ಆಡುತ್ತಾರೆ. ಕ್ವಿಬೆಕ್ ಪ್ರಾಂತದವರ ಮಾತು ಮಾತ್ರ ಫ್ರೆಂಚ್. ತಮ್ಮ ಆಡಳಿತ ತಮ್ಮ ಕೈಗೆ ಬರಬೇಕೆಂದು ಅವರಲ್ಲಿ ಹಲವರು ಬಹಳ ಕಾಲದಿಂದ ಹೋರಾಡುತ್ತಿದ್ದಾರೆ. 1967ರ ಜುಲೈ 24ರಂದು ಫ್ರಾನ್ಸಿನ ಅಧ್ಯಕ್ಷ ಡಿ ಗಾಲ್ ಮಾಂಟ್ರಿಯಲ್ ನಗರದ ಪುರಭವನದ ಮೇಲುಪ್ಪರಿಗೆಯಲ್ಲಿ ನಿಂತು ಸ್ವತಂತ್ರ ಕ್ವಿಬೆಕ್‌ಗೆ ಜಯಕಾರ ಹಾಕಿದರು. ಕೆಳಗಿದ್ದ ಜನ ಹುಚ್ಚೆದ್ದು ಕೂಗಿದರು. ಕೆನಡಾದ ಪ್ರಧಾನಿ ಇದನ್ನು ಖಂಡಿಸಿದ್ದರಿಂದ ಡಿ ಗಾಲ್ ರಾಜಧಾನಿಗೆ ಹೋಗದೆಯೇ ಊರಿಗೆ ಮರಳಿದರು. ಹೋರಾಟಗಾರರಿಗೆ ಅದರಿಂದ ಉತ್ಸಾಹ ಬಂದದ್ದು ನಿಜ. ಆದರೆ ಅದನ್ನು ಮನೆಗೆ ಬಂದ ಅತಿಥಿ ಒಂದೇ ದಿನದಲ್ಲಿ ಹೇಳಿ ತೀರಿಸುವಂತಿರಲಿಲ್ಲ. 1980ರಲ್ಲೂ 1995ರಲ್ಲೂ ಕ್ವಿಬೆಕ್ ಜನರೇ ಮತ ಹಾಕಿ ನಿರ್ಧರಿಸಬೇಕಾಯಿತು, ಎರಡನೆಯ ಸಲ ಶೇಕಡಾ 50.58ರಷ್ಟು ಮತಗಳಿಂದ ಬೇಡ ಎಂಬ ಪಕ್ಷ ಗೆದ್ದಿತು. ಜಯಕಾರ ಹಾಕುವವರ ಸಹಾನುಭೂತಿ ಒಂದು ಬಗೆ. 38,000 ಮೈಲಿ ಸುತ್ತಿ, ವಿರೋಧಿಸುವವರ ಮಾತನ್ನೂ ಕೇಳಿ, ಆಮೇಲೆ ಬರೆಯುವವರ ಸಹಾನುಭೂತಿ ಇನ್ನೊಂದು ಬಗೆ. ಫಜಲ್ ಅಲಿಯವರದು ಎರಡನೆಯದು. ಅದಕ್ಕೆ ಚಪ್ಪಾಳೆ ಕಡಿಮೆ.

1956ರಲ್ಲಿ ಅವರಿಗೆ ಪದ್ಮವಿಭೂಷಣ ಬಂದಿತು. ಅದೇ ವರ್ಷ ಅಸ್ಸಾಮಿನ ರಾಜ್ಯಪಾಲರಾದರು. ನಾಗಾ ಜನರ ಹೋರಾಟ ತೀವ್ರವಾಗಿದ್ದ ಕಾಲವದು. 1957ರಲ್ಲಿ ನಾಗಾ ಬೆಟ್ಟಗಳನ್ನೂ ತುಯೆನ್ಸಾಂಗನ್ನೂ ಸೇರಿಸಿ ಬೇರೆ ಆಡಳಿತ ಪ್ರದೇಶವಾಗಿ ಮಾಡಿದಾಗ, ರಾಷ್ಟ್ರಪತಿಗಳ ಪರವಾಗಿ ಅದನ್ನು ನೋಡಿಕೊಂಡವರು ಅವರು. ಅದೇ ಅವಧಿಯಲ್ಲಿ ಅಲ್ಲಿ ಸೈನ್ಯವೂ ಇತ್ತು, ಸೈನ್ಯಕ್ಕೆ ವಿಶೇಷ ಅಧಿಕಾರ ಕೊಟ್ಟ 1958ರ ಕಾಯ್ದೆಯೂ ಬಂದಿತು. ಗೋಪಾಲನ್ ಮೊಕದ್ದಮೆಯಲ್ಲಿ ಒಂಟಿಯಾಗಿ ನಿಂತವರು ಇಂಥ ಕಾಯ್ದೆಯ ಕಾಲದಲ್ಲಿ ರಾಜ್ಯಪಾಲರಾಗಿದ್ದದ್ದು ಅವರ ಬಾಳಿನ ಕಠಿಣ ಭಾಗ ಎಂದು ನನಗನಿಸುತ್ತದೆ. 1959ರ ಆಗಸ್ಟ್ 22ರಂದು, ಅದೇ ಹುದ್ದೆಯಲ್ಲಿರುವಾಗ, ಅವರು ತೀರಿಕೊಂಡರು. ಆ ವರ್ಷ ನಾಗಾ ನಾಡಿನ ಮೊಕೊಕ್ಚುಂಗ್‌ನಲ್ಲಿ ಆರಂಭವಾದ ಕಾಲೇಜಿಗೆ ಅವರ ಹೆಸರಿದೆ. ಫಜಲ್ ಅಲಿ ಕಾಲೇಜು ಇಂದಿಗೂ ನಡೆಯುತ್ತಿದೆ. ನಮ್ಮ ವಯಸ್ಸಿನ ನಾಗಾ ಹುಡುಗ ಹುಡುಗಿಯರು ಅಲ್ಲಿ ಓದುತ್ತಾರೆ.

ಕರ್ನಾಟಕದಲ್ಲಿ ಅವರ ಹೆಸರು ಉಳಿದಿರುವುದು ಪಠ್ಯಪುಸ್ತಕದ ಆ ಒಂದು ಸಾಲಿನಲ್ಲಿ. ಅಷ್ಟಕ್ಕೇ ಬಿಡಬಾರದು. ಈ ವರ್ಷದ ರಾಜ್ಯೋತ್ಸವದಲ್ಲಿ ಏಕೀಕರಣಕ್ಕೆ ದುಡಿದವರ ಚಿತ್ರಗಳನ್ನು ಸಭಾಂಗಣದಲ್ಲಿ ಇಡುವಾಗ ಆಲೂರು ವೆಂಕಟರಾಯರ, ಶಂಕರಗೌಡ ಪಾಟೀಲರ, ರಂಜಾನ್ ಸಾಬರ ಪಕ್ಕದಲ್ಲಿ ಸೈಯದ್ ಫಜಲ್ ಅಲಿಯವರ ಚಿತ್ರವೂ ಇರಲಿ ಎಂದು ನಮ್ಮ ವಿದ್ಯಾರ್ಥಿ ಸಂಘವನ್ನೂ ಪ್ರಾಧ್ಯಾಪಕರನ್ನೂ ವಿನಯದಿಂದ ಕೋರುತ್ತೇನೆ. ಚಿತ್ರದ ಕೆಳಗೆ ಬಳ್ಳಾರಿ, ಕಾಸರಗೋಡುಗಳ ವಿಷಯವನ್ನೂ ಮುಚ್ಚಿಡದೆ ಬರೆಯೋಣ. ಬರೆಯುವ ಕೆಲಸ ನಾನು ಮಾಡುತ್ತೇನೆ. ಉರ್ದುವಿನಲ್ಲಿ ಅದನ್ನೇ ಇನ್ನೊಂದು ಹಾಳೆಯಲ್ಲಿ ಬರೆಯಲು ಒಬ್ಬರು ಮುಂದೆ ಬರಬೇಕು.